ರೈಡಿಂಗ್ ಮೋವರ್‌ನ ಕರೆಂಟ್ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ ಕೈಕೊಟ್ಟರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಹೊಸ ಬ್ಯಾಟರಿ ಬರುತ್ತದೆ, ಯಂತ್ರ ಎರಡು ದಿನ ಓಡುತ್ತದೆ, ಮತ್ತೆ ಅದೇ ಕಥೆ. ಆಮೇಲೆ ಸೋಲನಾಯ್ಡ್ (ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಕರೆಂಟ್ ಬಿಡುವ ದಪ್ಪ ಸ್ವಿಚ್), ಅದಾದ ಮೇಲೆ ಸ್ಟಾರ್ಟರ್ (ಇಂಜಿನ್ ತಿರುಗಿಸಿ ಎಬ್ಬಿಸುವ ಮೋಟಾರ್). ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಾನು ಕಂಡ ಮಟ್ಟಿಗೆ ಈ ಯಂತ್ರಗಳಲ್ಲಿ ಬಿಡಿಭಾಗ ಕೆಡುವುದಕ್ಕಿಂತ ಜೋಡಣೆ ಕೆಡುವುದೇ ಜಾಸ್ತಿ. ಅಂದರೆ ಲೂಸಾದ ನಟ್ಟು, ತುಕ್ಕು ಹಿಡಿದ ಅರ್ಥ್ (ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿಯಾಗಿ ಯಂತ್ರದ ಲೋಹದ ಬಾಡಿಗೆ ಸೇರುವ ಜೋಡಣೆ), ಹಸಿರುಗಟ್ಟಿದ ಕನೆಕ್ಟರ್. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ಒಂದೇ ದಾರಿ ಹಿಡಿಯುತ್ತವೆ: ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ, ಕೊನೆಗೆ ಕೊಳ್ಳಿ.

ಇಲ್ಲಿ ಹೇಳುವುದು 12 ವೋಲ್ಟ್ ಬ್ಯಾಟರಿ ಇರುವ ಪೆಟ್ರೋಲ್ ಯಂತ್ರಗಳಿಗೆ. ಪೂರ್ತಿ ಬ್ಯಾಟರಿಯಿಂದಲೇ ಓಡುವ ಹೊಸ ಮಾದರಿಗಳ ವಿಷಯವೇ ಬೇರೆ. ಅವುಗಳಲ್ಲಿ ವೋಲ್ಟೇಜ್ ಜಾಸ್ತಿ, ಅಪಾಯವೂ ಜಾಸ್ತಿ.

ಕೈ ಹಾಕುವ ಮೊದಲು ಏನು ಮಾಡಬೇಕು?

ಬ್ಲೇಡ್ ಸ್ವಿಚ್ ಆಫ್, ಪಾರ್ಕಿಂಗ್ ಬ್ರೇಕ್ ಆನ್, ಕೀ ಜೇಬಿನಲ್ಲಿ. ಬ್ಲೇಡ್ ಹತ್ತಿರ ಕೈ ಹೋಗುವ ಕೆಲಸವಿದ್ದರೆ ಸ್ಪಾರ್ಕ್ ಪ್ಲಗ್‌ನ ವೈರು ಕಿತ್ತು ದೂರ ಇಡಿ. ಎರಡು ಸಿಲಿಂಡರ್ ಇದ್ದರೆ ಎರಡನ್ನೂ ಕೀಳಿ. ಉಂಗುರ, ಲೋಹದ ವಾಚು ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಬ್ಯಾಟರಿಯ ಪ್ಲಸ್ಸಿಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿದರೆ ಬೆರಳು ಸುಡುತ್ತದೆ.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದಕ್ಕೆ ಕಾರಣವಿದೆ. ಮೈನಸ್ ಕಡೆ ಬಾಡಿಗೆ ಸೇರಿರುತ್ತದೆ. ಅದು ಹಾಗೇ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪಾನರ್ ಬಾಡಿಗೆ ತಾಗಿದರೆ ಜೋರು ಕಿಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ, ಕಿಡಿ ಸಿಕ್ಕರೆ ಸಿಡಿಯುತ್ತದೆ.

ಏನೇನು ಸಾಮಾನು ಬೇಕು?

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ವೈರು ಜೋಡಿಸಿದ 12 ವೋಲ್ಟ್‌ನ ಒಂದು ಬಲ್ಬು, ಗಾಡಿಯ ಇಂಡಿಕೇಟರ್‌ಗೆ ಬರುವ 21 ವ್ಯಾಟಿನದು ಸಾಕು. ತಂತಿ ಬ್ರಷ್, ಎಮರಿ ಪೇಪರ್, ನಾಲ್ಕು ಸ್ಪಾನರ್. ಅಷ್ಟೇ. ಬಲ್ಬು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಕೀ ತಿರುಗಿಸಿದರೆ ಸದ್ದೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಸೀಟಿನಿಂದ. ತಮಾಷೆ ಅಲ್ಲ. ನೀವು ಸೀಟಿನ ಮೇಲೆ ಕೂತಿದ್ದೀರಾ? ಬ್ರೇಕ್ ಪೆಡಲ್ ಪೂರ್ತಿ ತುಳಿದಿದ್ದೀರಾ? ಬ್ಲೇಡಿನ ಸ್ವಿಚ್ ಆಫ್ ಇದೆಯಾ? ಇವುಗಳಲ್ಲಿ ಒಂದು ತಪ್ಪಿದರೂ ಯಂತ್ರ ಉಸಿರೆತ್ತುವುದಿಲ್ಲ. ಕೆಲವು ಮಾದರಿಗಳಲ್ಲಿ ಸೀಟಿನ ಮೇಲೆ ಕೂರದಿದ್ದರೂ ಸ್ಟಾರ್ಟ್ ಆಗುತ್ತದೆ, ಆದರೆ ಬ್ರೇಕ್ ಮತ್ತು ಬ್ಲೇಡ್ ಸ್ವಿಚ್ ಮಾತ್ರ ಎಲ್ಲದರಲ್ಲೂ ಲೆಕ್ಕಕ್ಕೆ ಬರುತ್ತವೆ.

ಅದೆಲ್ಲ ಸರಿ ಇದ್ದರೆ ಕರೆಂಟ್ ಹೋಗುವ ದಾರಿಯನ್ನೇ ಹಿಡಿದು ಹೋಗಿ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ಕೀ ಸ್ವಿಚ್, ಅಲ್ಲಿಂದ ಬ್ಲೇಡ್ ಸ್ವಿಚ್, ಬ್ರೇಕ್ ಸ್ವಿಚ್, ಆಮೇಲೆ ಸೋಲನಾಯ್ಡಿನ ಸಣ್ಣ ಟರ್ಮಿನಲ್. ಮಾದರಿಯಿಂದ ಮಾದರಿಗೆ ಕ್ರಮ ಸ್ವಲ್ಪ ಬದಲಾಗಬಹುದು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟು, ಇನ್ನೊಬ್ಬರಿಗೆ ಕೀ ಸ್ಟಾರ್ಟಿಗೆ ತಿರುಗಿಸಿ ಹಿಡಿಯಲು ಹೇಳಿ, ಕೆಂಪು ಕಡ್ಡಿಯಿಂದ ಒಂದೊಂದೇ ಜಾಗ ಮುಟ್ಟುತ್ತಾ ಹೋಗಿ. ಇಲ್ಲಿ 12 ಇದೆ, ಮುಂದಿನ ಜಾಗದಲ್ಲಿ ಸೊನ್ನೆ ಅಂದರೆ ತೊಂದರೆ ಆ ಎರಡರ ನಡುವೆಯೇ ಇದೆ.

ಅವಸರ ಇದ್ದರೆ ನಟ್ಟನಡುವಿನಿಂದ ಶುರು ಮಾಡಿ. ಕೀ ಹಿಡಿದಾಗ ಸೋಲನಾಯ್ಡಿನ ಸಣ್ಣ ಟರ್ಮಿನಲ್ಲಿಗೆ 12 ವೋಲ್ಟ್ ಬಂತಾ? ಬಂದರೆ ಕೀ, ಫ್ಯೂಸ್, ಸ್ವಿಚ್ಚುಗಳ ಗೋಜೇ ಬೇಡ. ಬರದಿದ್ದರೆ ಸ್ಟಾರ್ಟರ್ ಕಡೆ ತಲೆ ಹಾಕುವುದೇ ಬೇಡ. ಒಂದೇ ಅಳತೆಯಲ್ಲಿ ಅರ್ಧ ಕೆಲಸ ಮುಗಿಯಿತು.

ಬ್ಯಾಟರಿ ಸರಿ ಇದೆಯಾ ಅಂತ ಹೇಗೆ ತಿಳಿಯುವುದು?

ಚಾರ್ಜ್ ಮಾಡಿ ಕೆಲವು ಗಂಟೆ ಸುಮ್ನೆ ಬಿಟ್ಟ ಬ್ಯಾಟರಿಯಲ್ಲಿ 12.6 ವೋಲ್ಟ್ ಅಥವಾ ಸ್ವಲ್ಪ ಮೇಲೆ ಇರಬೇಕು. 12.4 ಅಂದರೆ ಸುಮಾರು ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಬಂದರೆ ಕಾಲುಭಾಗ ಉಳಿದಿದೆ ಅಂತ. ಹೆಸರು 12 ವೋಲ್ಟ್ ಬ್ಯಾಟರಿ ಅಂತಿರುವುದರಿಂದ 12 ಕಂಡರೆ ತುಂಬಿದೆ ಅಂದುಕೊಳ್ಳುತ್ತಾರೆ. ಅದು ಹೆಚ್ಚುಕಡಿಮೆ ಬರಿದಾದ ಬ್ಯಾಟರಿ.

ಆದರೆ ಇಷ್ಟರಿಂದಲೇ ತೀರ್ಪು ಕೊಡಬೇಡಿ. ಹಳೇ ಬ್ಯಾಟರಿ ಸುಮ್ನಿದ್ದಾಗ 12.6 ತೋರಿಸಿ, ಕೆಲಸ ಕೊಟ್ಟ ಕೂಡಲೇ ಕುಸಿಯುತ್ತದೆ. ಸ್ಟಾರ್ಟರ್ ತಿರುಗುತ್ತಿರುವಾಗ ಮೀಟರ್ ನೋಡಿ. 10ರ ಮೇಲೆ ನಿಂತರೆ ಚೆನ್ನ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸುಸ್ತಾಗಿದೆ, ಇಲ್ಲವೇ ಸ್ಟಾರ್ಟರ್ ಅಗತ್ಯಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತಿದೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ, ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಬಿಗಿ ಮಾಡಿದ ಮೇಲೆ ತೆಳುವಾಗಿ ಗ್ರೀಸ್ ಸವರಿ. ಮೊದಲೇ ಸವರಿ ಆಮೇಲೆ ಬಿಗಿ ಮಾಡುವುದು ಬೇಡ.

ಒಂದೇ ಒಂದು ‘ಟಕ್’ ಸದ್ದು ಬಂದು ನಿಲ್ಲುತ್ತದೆ. ಇನ್ನು ಕೆಲವು ಸಲ ‘ಟಕಟಕಟಕ’. ಎರಡೂ ಒಂದೇನಾ?

ಅಲ್ಲ. ಟಕಟಕಟಕ ಅಂದರೆ ಹೆಚ್ಚಾಗಿ ಬ್ಯಾಟರಿ ಬಡವಾಗಿದೆ, ಇಲ್ಲವೇ ಟರ್ಮಿನಲ್ ಲೂಸ್. ಸೋಲನಾಯ್ಡ್ ಹಿಡಿಯುತ್ತದೆ, ಸ್ಟಾರ್ಟರ್ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಬೀಳುತ್ತದೆ, ಸೋಲನಾಯ್ಡ್ ಬಿಡುತ್ತದೆ, ಮತ್ತೆ ಹಿಡಿಯುತ್ತದೆ.

ಒಂದೇ ಟಕ್ ಅಂದರೆ ಸೋಲನಾಯ್ಡಿಗೆ ಆಜ್ಞೆ ತಲುಪಿದೆ. ಅದರ ಮುಂದೆ ಕರೆಂಟ್ ಹೋಗುತ್ತಿಲ್ಲ, ಅಥವಾ ಹೋದರೂ ಸ್ಟಾರ್ಟರ್ ತಿರುಗುತ್ತಿಲ್ಲ. ಸೋಲನಾಯ್ಡಿನಲ್ಲಿ ಎರಡು ದಪ್ಪ ಟರ್ಮಿನಲ್ ಇರುತ್ತವೆ, ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಸ್ಟಾರ್ಟರ್. ಮೀಟರಿನ ಎರಡು ಕಡ್ಡಿಗಳನ್ನೂ ಆ ಎರಡು ದಪ್ಪ ಟರ್ಮಿನಲ್ ಮೇಲೆ ಇಡಿ. ಸುಮ್ನಿದ್ದಾಗ ಬ್ಯಾಟರಿಯ ವೋಲ್ಟೇಜ್ ತೋರಿಸುತ್ತದೆ. ಕೀ ತಿರುಗಿಸಿ ಟಕ್ ಅಂದಾಗ ಅದು ಸೊನ್ನೆಯ ಹತ್ತಿರ, ಅಂದರೆ 0.2–0.3 ವೋಲ್ಟ್‌ಗೆ ಇಳಿಯಬೇಕು. ಟಕ್ ಅಂದ ಮೇಲೂ 12 ಹಾಗೇ ನಿಂತಿದ್ದರೆ ಒಳಗಿನ ತಾಮ್ರದ ತುಂಡು ಸುಟ್ಟು ಕರಕಲಾಗಿದೆ, ಸೋಲನಾಯ್ಡ್ ಬದಲಿಸಿ. ಸೊನ್ನೆಗೆ ಇಳಿದೂ ಸ್ಟಾರ್ಟರ್ ತಿರುಗದಿದ್ದರೆ ಸೋಲನಾಯ್ಡಿನದೇನೂ ತಪ್ಪಿಲ್ಲ.

ಸಣ್ಣ ಟರ್ಮಿನಲ್ ಒಂದೇ ಇರುವ ಸೋಲನಾಯ್ಡಿಗೆ ಅರ್ಥ್ ಸಿಗುವುದು ಅದನ್ನು ಕೂರಿಸಿದ ಬೋಲ್ಟಿನಿಂದ. ಎರಡು ಸಣ್ಣ ಟರ್ಮಿನಲ್ ಇದ್ದರೆ ಎರಡನೆಯದು ಅರ್ಥ್. ಹೊಸ ಸೋಲನಾಯ್ಡನ್ನು ಪೇಂಟ್ ಬಳಿದ ತಗಡಿನ ಮೇಲೆ ಕೂರಿಸಿ ‘ಹೊಸದೂ ಕೆಟ್ಟದ್ದೇ ಬಂತು’ ಅಂತ ಅಂಗಡಿಗೆ ವಾಪಸ್ ಕೊಡುವವರು ಇದ್ದಾರೆ. ಪೇಂಟ್ ಕೆರೆದು ಕೂರಿಸಿದ್ದರೆ ಮುಗಿಯುತ್ತಿತ್ತು.

ಸ್ಕ್ರೂಡ್ರೈವರ್‌ನಿಂದ ಆ ಎರಡು ಟರ್ಮಿನಲ್ ಸೇರಿಸಿ ನೋಡಬಹುದಾ?

ನೋಡುವವರು ಬಹಳ. ನನಗೆ ಅದು ಇಷ್ಟವಿಲ್ಲ. ಹಾಗೆ ಸೇರಿಸಿದರೆ ಎಲ್ಲ ಸುರಕ್ಷತಾ ಸ್ವಿಚ್ಚುಗಳನ್ನೂ ದಾಟಿ ಸ್ಟಾರ್ಟರ್ ತಿರುಗುತ್ತದೆ. ಗೇರ್‌ನಲ್ಲಿದ್ದರೆ ಯಂತ್ರ ನಿಮ್ಮ ಮೇಲೇ ಬರುತ್ತದೆ. ಮಾಡಲೇಬೇಕಾದರೆ ನ್ಯೂಟ್ರಲ್, ಬ್ರೇಕ್, ಕೀ ಆಫ್, ಪ್ಲಗ್ ವೈರು ಹೊರಗೆ. ಆಮೇಲೆ ದಪ್ಪ ಜಂಪರ್ ಕೇಬಲ್‌ನಿಂದ, ಚಕ್ರದ ದಾರಿಯಲ್ಲಿ ನಿಲ್ಲದೆ. ಸ್ಕ್ರೂಡ್ರೈವರ್ ಬೇಡ, ತುದಿ ಕರಗಿ ಹಾರುತ್ತದೆ.

ಎಲ್ಲ ಕಡೆ 12 ವೋಲ್ಟ್ ಇದೆ. ಆದರೂ ಕೆಲಸ ಮಾಡುತ್ತಿಲ್ಲ. ಯಾಕೆ?

ಇದೇ ಎಲ್ಲರನ್ನೂ ಸುಸ್ತು ಮಾಡುವ ಪ್ರಶ್ನೆ. ಮೀಟರಿಗೆ ಬೇಕಾಗುವ ಕರೆಂಟ್ ಎಷ್ಟು ಕಡಿಮೆ ಅಂದರೆ, ತುಕ್ಕು ತಿಂದು ಒಂದೇ ಎಳೆ ಉಳಿದ ವೈರಿನಿಂದಲೂ ಅದು ಆರಾಮಾಗಿ 12 ತೋರಿಸುತ್ತದೆ. ಸ್ಟಾರ್ಟರಿಗೆ ಬೇಕಾದದ್ದು ನೂರರ ಆಸುಪಾಸಿನ ಆಂಪಿಯರ್. ಆ ಒಂದು ಎಳೆ ಅದನ್ನು ಹೊರುತ್ತದಾ? ನಲ್ಲಿ ಮುಚ್ಚಿರುವಾಗ ಸಣ್ಣ ಪೈಪಿನಲ್ಲೂ ದಪ್ಪ ಪೈಪಿನಲ್ಲೂ ಒತ್ತಡ ಒಂದೇ. ನಲ್ಲಿ ತಿರುಗಿಸಿದಾಗಲೇ ಬಂಡವಾಳ ಗೊತ್ತಾಗುವುದು.

ಹಾಗಾಗಿ ಹೊರೆ ಇರುವಾಗ ಅಳೆಯಬೇಕು. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಕ್ಲಾಂಪಿನ ಮೇಲಲ್ಲ. ಕಪ್ಪು ಕಡ್ಡಿ ಸ್ಟಾರ್ಟರಿನ ಟರ್ಮಿನಲ್ ಮೇಲೆ. ಕೀ ತಿರುಗಿಸಿ ಹಿಡಿಯಿರಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟಿನ ಒಳಗಿದ್ದರೆ ಸರಿ. ಎರಡು ಮೂರು ವೋಲ್ಟ್ ಬಂದರೆ ಆ ದಾರಿಯಲ್ಲಿ ಯಾವುದೋ ಜೋಡಣೆ ನುಂಗುತ್ತಿದೆ. ಹಾಗೇ ಇಂಜಿನ್ ಬ್ಲಾಕಿನಿಂದ ಬ್ಯಾಟರಿಯ ಮೈನಸ್ ಕಂಬಕ್ಕೂ ಅಳೆಯಿರಿ. ಅಲ್ಲಿ 0.2–0.3ಕ್ಕಿಂತ ಜಾಸ್ತಿ ಇರಬಾರದು. ಈ ಎರಡನೇ ಅಳತೆಯನ್ನು ಬಹಳ ಜನ ಮಾಡುವುದೇ ಇಲ್ಲ.

ನಾನೂ ಮಾಡಿರಲಿಲ್ಲ. ನನ್ನ ಯಂತ್ರ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿತ್ತು, ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ ಮತ್ತೆ ಆಗುತ್ತಿರಲಿಲ್ಲ. ಬ್ಯಾಟರಿ ಬದಲಿಸಿದೆ. ಸೋಲನಾಯ್ಡ್ ಬದಲಿಸಿದೆ. ಸ್ಟಾರ್ಟರ್ ಬಿಚ್ಚಿ ರಿಪೇರಿ ಅಂಗಡಿಗೆ ಒಯ್ದರೆ ಒಳಗಿನ ಕಾರ್ಬನ್ ಬ್ರಷ್ ಹೋಗಿದೆ ಅಂದರು, ಅದನ್ನೂ ಹಾಕಿಸಿದೆ. ಕೊನೆಗೊಂದು ದಿನ ಸಿಟ್ಟು ಬಂದು ಕೂತು ಅಳೆದೆ. ಪ್ಲಸ್ ಕಡೆ 0.3, ಚಿನ್ನದಂಥ ಅಳತೆ. ಮೈನಸ್ ಕಡೆ 3.1. ಮೈನಸ್ ಕೇಬಲ್ ಬಾಡಿಗೆ ಸೇರುವ ಬೋಲ್ಟು ನೋಡಲು ಗಟ್ಟಿಯಾಗೇ ಇತ್ತು. ಬಿಚ್ಚಿದರೆ ವಾಷರಿನ ಅಡಿಯಲ್ಲಿ ಕಂದು ಬಣ್ಣದ ತುಕ್ಕಿನ ಬಿಲ್ಲೆ, ಅದರ ಅಡಿಯಲ್ಲಿ ಕಾರ್ಖಾನೆಯ ಪೇಂಟ್ ಇನ್ನೂ ಹೊಳೆಯುತ್ತಿತ್ತು. ಇಷ್ಟು ವರ್ಷ ಕರೆಂಟ್ ಓಡಾಡಿದ್ದು ಬರೀ ಬೋಲ್ಟಿನ ಥ್ರೆಡ್ಡಿನ ಮೂಲಕ! ಎಮರಿ ಪೇಪರಿನಿಂದ ಹತ್ತು ನಿಮಿಷ ಉಜ್ಜಿದೆ, ಮುಗಿಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಸ್ಟಾರ್ಟರ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಲ್ಲುತ್ತದೆ. ಬ್ಯಾಟರಿ ಹೊಸದು, ಜೋಡಣೆಯೂ ಸರಿ ಇದೆ.

ಹಾಗಾದರೆ ಇದು ಕರೆಂಟಿನ ತೊಂದರೆ ಆಗಿರದೇ ಇರಬಹುದು. ಈ ಇಂಜಿನ್ನುಗಳಲ್ಲಿ ಸ್ಟಾರ್ಟ್ ಮಾಡುವಾಗ ವಾಲ್ವನ್ನು ಸ್ವಲ್ಪ ತೆರೆದು ಒತ್ತಡ ಇಳಿಸುವ ಏರ್ಪಾಡು ಇರುತ್ತದೆ. ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವಿನ ಸಂದು, ಜಾಸ್ತಿಯಾದರೆ ಅದು ಕೆಲಸ ಮಾಡುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ಸ್ಟಾರ್ಟರ್ ಸೋಲುತ್ತದೆ. ಪ್ಲಗ್ ಬಿಚ್ಚಿ ಕೀ ತಿರುಗಿಸಿ. ಸಲೀಸಾಗಿ ತಿರುಗಿದರೆ ವಾಲ್ವ್ ಹೊಂದಿಸಿ, ಸ್ಟಾರ್ಟರಿಗೆ ದುಡ್ಡು ಸುರಿಯಬೇಡಿ. ಹೀಗೆ ನೋಡುವಾಗ ಪ್ಲಗ್ ವೈರನ್ನು ಅರ್ಥ್ ಮಾಡಿಡಿ, ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ.

ಫ್ಯೂಸ್ ಪದೇ ಪದೇ ಸುಟ್ಟು ಹೋಗುತ್ತಿದೆ. ದೊಡ್ಡದು ಹಾಕಲಾ?

ಬೇಡವೇ ಬೇಡ. ಫ್ಯೂಸ್ ಉಳಿಸಿದರೆ ವೈರು ಸುಡುತ್ತದೆ, ವೈರಿನ ಪಕ್ಕದಲ್ಲೇ ಪೆಟ್ರೋಲ್ ಪೈಪು ಇರುತ್ತದೆ. 15 ಆಂಪಿಯರ್ ನೀಲಿ, 20 ಹಳದಿ, 30 ಹಸಿರು. ಯಾವ ಬಣ್ಣ ಇತ್ತೋ ಅದೇ ಹಾಕಿ. ಹಿಂದಿನ ಮಾಲೀಕ ಏನು ಹಾಕಿದ್ದನೋ ಅಂತ ಅನುಮಾನವಿದ್ದರೆ ಕೈಪಿಡಿ ನೋಡಿ.

ಶಾರ್ಟ್ ಹುಡುಕಲು ಆ 21 ವ್ಯಾಟಿನ ಬಲ್ಬು ಈಗ ಬೇಕು. ಸುಟ್ಟ ಫ್ಯೂಸ್ ತೆಗೆದು, ಅದರ ಎರಡು ಕಾಲಿನ ಜಾಗಕ್ಕೆ ಬಲ್ಬಿನ ಎರಡು ವೈರು ಸಿಕ್ಕಿಸಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಆದರೆ ಎರಡು ಆಂಪಿಯರ್‌ಗಿಂತ ಜಾಸ್ತಿ ಹೋಗಲು ಬಿಡುವುದಿಲ್ಲ. ಏನೂ ಸುಡುವುದಿಲ್ಲ, ಹೊಸ ಫ್ಯೂಸೂ ದಂಡ ಆಗುವುದಿಲ್ಲ. ಈಗ ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋಗಿ: ಬ್ಲೇಡ್ ಕ್ಲಚ್ (ಬ್ಲೇಡನ್ನು ಇಂಜಿನ್ನಿಗೆ ಸೇರಿಸುವ ಭಾಗ), ಹೆಡ್‌ಲೈಟ್, ರೆಗ್ಯುಲೇಟರ್ (ಬ್ಯಾಟರಿಯ ಚಾರ್ಜಿಂಗ್ ಹತೋಟಿಯಲ್ಲಿಡುವ ಭಾಗ), ಕಾರ್ಬ್ಯುರೇಟರಿನ ಸೋಲನಾಯ್ಡ್ (ಪೆಟ್ರೋಲ್ ಬಿಡುವುದು, ಸ್ಟಾರ್ಟರಿನದಲ್ಲ). ಯಾವುದನ್ನು ಬಿಚ್ಚಿದಾಗ ಬಲ್ಬು ಆರಿತೋ ಅಥವಾ ಮಂಕಾಯಿತೋ, ಅದೇ ಕಡೆ ಕಳ್ಳ. ವೈರಿನ ಕಟ್ಟು ಹಿಡಿದು ಅಲ್ಲಾಡಿಸಿಯೂ ನೋಡಿ. ಸ್ಟೀರಿಂಗ್ ಕಂಬದ ಹತ್ತಿರ, ಸೀಟಿನ ತಿರುಗಣಿಯ ಹತ್ತಿರ, ಸೈಲೆನ್ಸರ್ ಪಕ್ಕ. ವೈರು ಸವೆಯುವ ಜಾಗ ಹೆಚ್ಚಾಗಿ ಇವೇ ಮೂರು.

ಯಾವಾಗ ಹೋಗುತ್ತದೆ ಅನ್ನುವುದೂ ಸುಳಿವೇ. ಕೀ ಆನ್ ಮಾಡಿದ ಕೂಡಲೇ ಹೋದರೆ ಕೀಯಿಂದ ಮುಂದಿನ ವೈರುಗಳ ಕಡೆ, ಬ್ಲೇಡ್ ಹಾಕಿದ ಕೂಡಲೇ ಹೋದರೆ ಕ್ಲಚ್ಚಿನ ಕಡೆ, ತಗ್ಗುದಿಣ್ಣೆಯಲ್ಲಿ ಮಾತ್ರ ಹೋದರೆ ಸವೆದ ವೈರು.

ಸುರಕ್ಷತಾ ಸ್ವಿಚ್ಚುಗಳನ್ನು ಪರೀಕ್ಷಿಸುವುದು ಹೇಗೆ?

ಕನೆಕ್ಟರ್ ಬಿಚ್ಚಿ, ಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಸ್ವಿಚ್ಚಿನ ಗುಂಡಿ ಒತ್ತಿ ಬಿಟ್ಟು ನೋಡಿ. ಒತ್ತಿದಾಗ ಸೇರುವ ಜಾತಿ ಒಂದು, ಒತ್ತಿದಾಗ ಬಿಡುವ ಜಾತಿ ಇನ್ನೊಂದು. ನಾಲ್ಕು ಕಾಲಿನ ಸ್ವಿಚ್ಚಿನಲ್ಲಿ ಎರಡೂ ಜಾತಿ ಒಟ್ಟಿಗೆ ಇರಬಹುದು, ಒಂದು ಜೋಡಿ ಸ್ಟಾರ್ಟರಿಗೆ, ಇನ್ನೊಂದು ಇಂಜಿನ್ ನಿಲ್ಲಿಸಲು. ಹೊಸದು ತರುವಾಗ ಆಕಾರ ಒಂದೇ ಇದೆ ಅಂತ ತರಬೇಡಿ, ಜಾತಿ ಒಂದೇ ಇರಬೇಕು.

ಸ್ವಿಚ್ ಚೆನ್ನಾಗೇ ಇದ್ದು, ಅದನ್ನು ಒತ್ತುವ ತಗಡು ಬಾಗಿ ಗುಂಡಿ ಪೂರ್ತಿ ಒತ್ತದೇ ಇರುವುದೂ ಉಂಟು. ಬ್ರೇಕ್ ಪೆಡಲಿನಲ್ಲಿ ಇದು ಸಾಮಾನ್ಯ.

ಸೀಟ್ ಸ್ವಿಚ್ ಕಾಟ ಕೊಡುತ್ತಿದೆ. ವೈರು ಸೇರಿಸಿ ಬೈಪಾಸ್ ಮಾಡಿದರೆ ಏನಾಗುತ್ತದೆ?

ಇಳಿಜಾರಿನಲ್ಲಿ ನೀವು ಜಾರಿ ಬಿದ್ದಾಗ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಅಷ್ಟೇ. ಪರೀಕ್ಷೆಗೆ ಅಂತ ಎರಡು ನಿಮಿಷ ಸೇರಿಸಿ ನೋಡುವುದಾದರೂ ಬ್ಲೇಡ್ ಆಫ್ ಇರಲಿ, ನೋಡಿದ ಕೂಡಲೇ ಬಿಚ್ಚಿ. ‘ನಾಳೆ ಸರಿ ಮಾಡ್ತೀನಿ’ ಅಂತ ಬಿಟ್ಟ ವೈರು ಮುಂದಿನ ಮಾಲೀಕನವರೆಗೂ ಹೋಗುತ್ತದೆ. ಇನ್ನೊಂದು ವಿಷಯ: ಕೆಲವು ಮಾದರಿಗಳಲ್ಲಿ ಸೀಟ್ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿಟ್ಟರೆ ಇಂಜಿನ್ ಓಡುತ್ತದೆ, ಇನ್ನು ಕೆಲವದರಲ್ಲಿ ನಿಲ್ಲುತ್ತದೆ. ಹಾಗಾಗಿ ಬಿಚ್ಚಿ ನೋಡಿದ್ದರಿಂದಲೇ ಸ್ವಿಚ್ ಕೆಟ್ಟಿದೆ ಅಂತ ಹೇಳಲಾಗದು.

ರಿವರ್ಸ್ ಹಾಕಿದ ಕೂಡಲೇ ಇಂಜಿನ್ ಬಂದ್ ಆಗುತ್ತದೆ.

ಬ್ಲೇಡ್ ತಿರುಗುತ್ತಿತ್ತಾ? ಹಾಗಾದರೆ ಅದು ತೊಂದರೆ ಅಲ್ಲ. ಹಿಂದೆ ಮಕ್ಕಳಿದ್ದರೆ ಅಂತ ಮಾಡಿದ ಏರ್ಪಾಡು. ಬ್ಲೇಡ್ ಆಫ್ ಇದ್ದಾಗಲೂ ಬಂದ್ ಆದರೆ ಮಾತ್ರ ರಿವರ್ಸ್ ಸ್ವಿಚ್ಚನ್ನೂ ಬ್ಲೇಡ್ ಸ್ವಿಚ್ಚನ್ನೂ ನೋಡಿ.

ಸ್ಟಾರ್ಟರ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಬ್ಯಾಟರಿಯಿಂದ ಕಾಯಿಲಿಗೆ (ಪ್ಲಗ್ಗಿಗೆ ಕಿಡಿ ಕೊಡುವ ಸುರುಳಿಗೆ) ಕರೆಂಟ್ ಬರುತ್ತಿಲ್ಲ ಅನ್ನಿಸುತ್ತದೆ.

ಬರಬೇಕಾಗೇ ಇಲ್ಲ! ಇಲ್ಲೇ ಕಾರಿನ ಲೆಕ್ಕ ಕೈಕೊಡುವುದು. ಇವುಗಳಲ್ಲಿ ಹೆಚ್ಚಿನವು ಮ್ಯಾಗ್ನೆಟೋ ಇಂಜಿನ್. ಇಂಜಿನ್ ಜೊತೆ ತಿರುಗುವ ಭಾರದ ಚಕ್ರದಲ್ಲಿ, ಅಂದರೆ ಫ್ಲೈವೀಲ್‌ನಲ್ಲಿರುವ ಅಯಸ್ಕಾಂತ ಕಾಯಿಲಿನ ಪಕ್ಕ ಹಾದುಹೋದಾಗ ಕಿಡಿ ಹುಟ್ಟುತ್ತದೆ. ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ. ಕಾಯಿಲಿಗೆ ಹೋಗುವ ಆ ಒಂದು ಸಣ್ಣ ವೈರು ಕಿಡಿ ಕೊಡುವುದಕ್ಕಲ್ಲ, ಕಿಡಿ ಕೊಲ್ಲುವುದಕ್ಕೆ. ಅದನ್ನು ಬಾಡಿಗೆ ತಾಗಿಸಿದರೆ ಇಂಜಿನ್ ನಿಲ್ಲುತ್ತದೆ. ಕೀ ಆಫ್ ಮಾಡಿದಾಗ ಆಗುವುದೂ ಅದೇ. ಆ ವೈರಿಗೆ 12 ವೋಲ್ಟ್ ಕೊಟ್ಟರೆ ಕಾಯಿಲ್ ಸುಟ್ಟೇ ಹೋಗುತ್ತದೆ. ದಯವಿಟ್ಟು ಕೊಡಬೇಡಿ.

ಹಾಗಾಗಿ ಕಿಡಿ ಇಲ್ಲದಿದ್ದರೆ ಮೊದಲ ಪರೀಕ್ಷೆ ಸುಲಭ. ಕಾಯಿಲಿನಿಂದ ಆ ಸಣ್ಣ ವೈರು ಕಿತ್ತು, ಪ್ಲಗ್ಗಿಗೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ಕೀ ತಿರುಗಿಸಿ. ಈಗ ಕಿಡಿ ಬಂದರೆ ಕಾಯಿಲ್ ಸರಿಯಾಗಿದೆ. ಆ ವೈರು ಎಲ್ಲೋ ಬಾಡಿಗೆ ತಾಗುತ್ತಿದೆ, ಅಥವಾ ಕೀ ಸ್ವಿಚ್ಚೋ ಸುರಕ್ಷತಾ ಸ್ವಿಚ್ಚೋ ತಪ್ಪು ಹೊತ್ತಿನಲ್ಲಿ ಅರ್ಥ್ ಮಾಡುತ್ತಿದೆ. ಕಿಡಿ ಬರದಿದ್ದರೆ ಕಾಯಿಲ್, ಅಥವಾ ಕಾಯಿಲಿಗೂ ಫ್ಲೈವೀಲಿಗೂ ನಡುವಿನ ಸಂದು. ಬಹಳ ಇಂಜಿನ್ನುಗಳಲ್ಲಿ ಆ ಸಂದು ಒಂದು ವಿಸಿಟಿಂಗ್ ಕಾರ್ಡಿನ ದಪ್ಪ, ಸುಮಾರು 0.25ರಿಂದ 0.35 ಮಿ.ಮೀ. ನೆನಪಿಡಿ, ಈ ವೈರು ಕಿತ್ತಿರುವಾಗ ಇಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಕೀಯಿಂದ ನಿಲ್ಲಿಸಲಾಗದು. ಚೋಕ್ ಎಳೆಯಲು ಸಿದ್ಧವಾಗಿರಿ.

ಕಿಡಿ ಚೆನ್ನಾಗಿದೆ, ಆದರೂ ಹೊತ್ತುತ್ತಿಲ್ಲ ಅಂದರೆ ಕಾರ್ಬ್ಯುರೇಟರಿನ ಬಟ್ಟಲಿನ ಅಡಿಯಲ್ಲಿ ಒಂದು ವೈರು ಇರುವ ಸಣ್ಣ ಡಬ್ಬಿ ಇದೆಯಾ ನೋಡಿ. ಅದು ಪೆಟ್ರೋಲ್ ಬಿಡುವ ಸೋಲನಾಯ್ಡ್. ಕೀ ಆನ್ ಮಾಡಿದಾಗ ಕಿವಿ ಕೊಟ್ಟರೆ ‘ಟಿಕ್’ ಅನ್ನಬೇಕು. ಅನ್ನದಿದ್ದರೆ ವೈರಿನಲ್ಲಿ 12 ಬರುತ್ತಿದೆಯಾ ಅಳೆಯಿರಿ. ಬಂದೂ ಟಿಕ್ ಇಲ್ಲದಿದ್ದರೆ ಅದರ ಅರ್ಥ್ ನೋಡಿ, ಆಮೇಲೆ ಅದನ್ನೇ ಬದಲಿಸಿ. ಬ್ಯಾಟರಿ ತೀರಾ ಇಳಿದಿದ್ದರೆ ಇದು ತೆರೆಯುವುದೇ ಇಲ್ಲ.

ಎರಡು ಸಿಲಿಂಡರ್ ಇಂಜಿನ್, ಒಂದರಲ್ಲಿ ಮಾತ್ರ ಕಿಡಿ ಇಲ್ಲ.

ಎರಡು ಕಾಯಿಲಿನ ಆ ಸಣ್ಣ ವೈರುಗಳು ಒಂದು ಕಡೆ ಸೇರುತ್ತವೆ. ಕೆಲವು ಇಂಜಿನ್ನುಗಳಲ್ಲಿ ಅಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುತ್ತದೆ. ಅದು ಕೆಟ್ಟರೂ ಹೀಗೇ ಆಗುತ್ತದೆ. ಎರಡೂ ವೈರು ಕಿತ್ತು ನೋಡಿ. ಆಗ ಎರಡರಲ್ಲೂ ಕಿಡಿ ಬಂದರೆ ಕಾಯಿಲ್ ಕೊಳ್ಳುವ ಖರ್ಚು ಉಳಿಯಿತು.

ಕೀ ಆಫ್ ಮಾಡಿದರೂ ಇಂಜಿನ್ ನಿಲ್ಲುತ್ತಿಲ್ಲ.

ಈಗ ನಿಮಗೇ ಗೊತ್ತಾಗಿರಬೇಕು. ಕೊಲ್ಲುವ ವೈರು ತುಂಡಾಗಿದೆ, ಅಥವಾ ಕೀ ಸ್ವಿಚ್ಚಿಗೆ ಅರ್ಥ್ ಇಲ್ಲ. ಸ್ವಿಚ್ಚಿನ ಹಿಂದೆ ಅಕ್ಷರಗಳಿರುತ್ತವೆ: ಬ್ಯಾಟರಿಗೆ ಬಿ, ಸ್ಟಾರ್ಟಿಗೆ ಎಸ್, ಮ್ಯಾಗ್ನೆಟೋಗೆ ಎಂ, ಗ್ರೌಂಡಿಗೆ ಜಿ, ಲೈಟಿಗೆ ಎಲ್. ಕೀ ಆಫ್ ಇದ್ದಾಗ ಎಂ ಮತ್ತು ಜಿ ನಡುವೆ ಮೀಟರ್ ಬೀಪ್ ಅನ್ನಬೇಕು. ಸ್ಟಾರ್ಟಿನಲ್ಲಿ ಬಿ ಮತ್ತು ಎಸ್. ಆಕಾರ ಒಂದೇ ಆದ ಸ್ವಿಚ್ಚುಗಳಲ್ಲೂ ಈ ಕಾಲುಗಳ ಜಾಗ ಬೇರೆ ಬೇರೆ ಇರುತ್ತದೆ, ಅಕ್ಷರ ನೋಡಿಯೇ ಕೊಳ್ಳಿ.

ಬ್ಲೇಡ್ ಮೊದಲು ತಿರುಗುತ್ತದೆ, ಅರ್ಧ ಗಂಟೆ ಆದ ಮೇಲೆ ತಾನಾಗಿ ಬಿಡುತ್ತದೆ.

ಗುಂಡಿ ಎಳೆದು ಬ್ಲೇಡ್ ಹಾಕುವ ಯಂತ್ರದಲ್ಲಿ ಕ್ಲಚ್ ಅಂದರೆ ಒಂದು ದೊಡ್ಡ ವಿದ್ಯುತ್ ಅಯಸ್ಕಾಂತ. ಕನೆಕ್ಟರ್ ಬಿಚ್ಚಿ ಅದರ ಎರಡು ವೈರುಗಳ ನಡುವೆ ಓಮ್ ಅಳೆಯಿರಿ. ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕರೊಳಗೆ ಬರುತ್ತದೆ. ಮೂರು ಓಮ್ ಅಂದರೆ 12 ವೋಲ್ಟಿಗೆ ನಾಲ್ಕು ಆಂಪಿಯರ್. ಒಂದು ಓಮ್ ಬಂದರೆ ಒಳಗೆ ಶಾರ್ಟ್, ಫ್ಯೂಸ್ ಸುಡುತ್ತಿದ್ದದ್ದು ಇದರಿಂದಲೇ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಅಳೆಯುವ ಮೊದಲು ಮೀಟರಿನ ಎರಡು ಕಡ್ಡಿ ಮುಟ್ಟಿಸಿ ಎಷ್ಟು ಬರುತ್ತದೆ ನೋಡಿ, ಅದನ್ನು ಕಳೆಯಿರಿ.

ತಣ್ಣಗಿದ್ದಾಗ ಸರಿ ಇದ್ದು ಬಿಸಿಯಾದಾಗ ಬಿಡುವುದಾದರೆ ಬಿಟ್ಟ ಕೂಡಲೇ, ಬಿಸಿ ಇರುವಾಗಲೇ ಅಳೆಯಿರಿ. ತಣ್ಣಗಾದ ಮೇಲೆ ಅಳೆದರೆ ಎಲ್ಲ ಸರಿಯಾಗೇ ಕಾಣುತ್ತದೆ. ಇನ್ನೊಂದು ಕಾರಣ ಸವೆತ. ಕ್ಲಚ್ಚಿನ ತಟ್ಟೆಗಳ ನಡುವಿನ ಸಂದು ವರ್ಷಗಳಲ್ಲಿ ಹಿಗ್ಗುತ್ತದೆ. ಸುರುಳಿ ಬಿಸಿಯಾದರೆ ಅದರ ತಡೆ ಏರುತ್ತದೆ, ಎಳೆತ ಕಮ್ಮಿಯಾಗುತ್ತದೆ, ಹಿಗ್ಗಿದ ಸಂದನ್ನು ಎಳೆಯಲಾಗದೆ ಬಿಡುತ್ತದೆ. ಸಂದು ಹೊಂದಿಸಲು ಮೂರು ನಟ್ಟು ಇರುವ ಕ್ಲಚ್ಚಾದರೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಿಡಿದು ಕೈಪಿಡಿಯಲ್ಲಿರುವ ಅಳತೆಗೆ ತನ್ನಿ. ಮೂರೂ ಕಡೆ ಒಂದೇ ಇರಬೇಕು. ನಾನು ಒಂದು ಕ್ಲಚ್ಚನ್ನು ಹೀಗೇ ಉಳಿಸಿಕೊಂಡಿದ್ದೇನೆ, ಅದು ಇನ್ನೂ ಓಡುತ್ತಿದೆ.

ಓಮ್ ಸರಿ, ಸಂದೂ ಸರಿ ಅಂದರೆ ಕ್ಲಚ್ಚಿನ ಕನೆಕ್ಟರಿಗೆ ಹೊರೆಯ ಮೇಲೆ ಎಷ್ಟು ವೋಲ್ಟ್ ಬರುತ್ತಿದೆ ನೋಡಿ. ಬ್ಲೇಡ್ ಗುಂಡಿಯ ಸ್ವಿಚ್ಚಿನ ಒಳಗೆ ಸುಟ್ಟು, ಅಲ್ಲೇ ಎರಡು ವೋಲ್ಟ್ ತಿನ್ನುವುದು ಬಹಳ ಸಾಮಾನ್ಯ.

ಬ್ಯಾಟರಿ ಚಾರ್ಜ್ ಆಗುತ್ತಿಲ್ಲ.

ಮೊದಲು ಇಂಜಿನ್ ಆಫ್ ಇರುವಾಗ ಬ್ಯಾಟರಿ ಅಳೆಯಿರಿ. ಆಮೇಲೆ ಇಂಜಿನ್ ಪೂರ್ತಿ ವೇಗದಲ್ಲಿ ಇಟ್ಟು ಒಂದೆರಡು ನಿಮಿಷ ಬಿಟ್ಟು ಅಳೆಯಿರಿ. 13.5ರಿಂದ 14.7ರೊಳಗೆ ಬಂದರೆ ಚಾರ್ಜ್ ಆಗುತ್ತಿದೆ. ಏರದೇ ಇದ್ದರೆ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ.

ಚಾರ್ಜ್ ಆಗದಿದ್ದರೆ ಎರಡರಲ್ಲಿ ಒಂದು: ಫ್ಲೈವೀಲ್ ಅಡಿಯಲ್ಲಿ ಕರೆಂಟ್ ಹುಟ್ಟಿಸುವ ಸುರುಳಿ, ಅಂದರೆ ಸ್ಟೇಟರ್, ಇಲ್ಲವೇ ಅದು ಕೊಡುವ ಎಸಿಯನ್ನು ಡಿಸಿ ಮಾಡುವ ರೆಗ್ಯುಲೇಟರ್. ರೆಗ್ಯುಲೇಟರಿಗೆ ಬರುವ ಒಂದೇ ಬಣ್ಣದ ಎರಡು ವೈರು ಬಿಚ್ಚಿ, ಮೀಟರನ್ನು ಎಸಿಗೆ ಇಟ್ಟು, ಪೂರ್ತಿ ವೇಗದಲ್ಲಿ ಅಳೆಯಿರಿ. 15–16 ಆಂಪಿಯರ್‌ನ ಏರ್ಪಾಡಿನಲ್ಲಿ 28–30 ವೋಲ್ಟ್ ಎಸಿ ಅಥವಾ ಮೇಲೆ ಬರಬೇಕು. ಬಂದರೆ ಸ್ಟೇಟರ್ ಸರಿ. ಹಾಗಂತ ರೆಗ್ಯುಲೇಟರ್ ಕೊಳ್ಳಲು ಓಡಬೇಡಿ. ಬಹಳ ರೆಗ್ಯುಲೇಟರಿಗೆ ಅರ್ಥ್ ಸಿಗುವುದು ಅದರ ಮೈಯಿಂದ, ಅಂದರೆ ಕೂರಿಸಿದ ಬೋಲ್ಟಿನಿಂದ. ಮತ್ತೆ ಅದೇ ಪೇಂಟು, ಅದೇ ತುಕ್ಕು. ಬಿಚ್ಚಿ ಉಜ್ಜಿ ಕೂರಿಸಿ, ಮತ್ತೆ ಅಳೆಯಿರಿ.

ಸಣ್ಣ ಇಂಜಿನ್ನುಗಳಲ್ಲಿ ರೆಗ್ಯುಲೇಟರೇ ಇರುವುದಿಲ್ಲ. ಚಾರ್ಜಿಂಗ್ ವೈರಿನಲ್ಲಿ ಒಂದು ಉಬ್ಬಿದ ಜಾಗ ಕಾಣುತ್ತದೆ, ಅದರೊಳಗೆ ಡಯೋಡ್. ಅದು ಸಾಯುವುದೇ ಜಾಸ್ತಿ. ಕೊಡುವುದು ಮೂರು ಆಂಪಿಯರ್ ಅಷ್ಟೇ, ಅದರಿಂದ ಪೂರ್ತಿ ಇಳಿದ ಬ್ಯಾಟರಿ ಒಂದು ಸುತ್ತಿನಲ್ಲಿ ತುಂಬುತ್ತದೆ ಅಂತ ಕಾಯಬೇಡಿ.

ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಿತ್ತು ‘ಚಾರ್ಜಿಂಗ್ ಇದೆಯಾ’ ಅಂತ ನೋಡುವ ಹಳೇ ಅಭ್ಯಾಸ ಬಿಡಿ. ವೋಲ್ಟೇಜ್ ಹಾರಿ ರೆಗ್ಯುಲೇಟರ್ ಸುಡುತ್ತದೆ.

ಹೆಡ್‌ಲೈಟ್ ಇಂಜಿನ್ ಓಡುವಾಗ ಮಾತ್ರ ಉರಿಯುತ್ತದೆ, ವೇಗದ ಜೊತೆ ಹೆಚ್ಚುಕಡಿಮೆ ಆಗುತ್ತದೆ.

ಆ ಮಾದರಿಯಲ್ಲಿ ಲೈಟಿಗೆ ನೇರ ಸ್ಟೇಟರಿನಿಂದ ಎಸಿ ಬರುತ್ತದೆ. ಹಾಗೇ ಇರಬೇಕು.

ಚಾರ್ಜಿಂಗ್ ಸರಿ ಇದೆ. ಆದರೂ ಎರಡು ಮೂರು ವಾರ ನಿಲ್ಲಿಸಿದರೆ ಬ್ಯಾಟರಿ ಸತ್ತಿರುತ್ತದೆ.

ಏನೋ ಸೋರುತ್ತಿದೆ. ಮೀಟರನ್ನು ಆಂಪಿಯರ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಮೀಟರಿನ 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ಮೈನಸ್ ಕಂಬಕ್ಕೂ ಬಿಚ್ಚಿದ ಮೈನಸ್ ಕೇಬಲ್ಲಿಗೂ ನಡುವೆ ಮೀಟರ್ ಸೇರಿಸಿ. ಕೀ ಆಫ್ ಇರಲಿ. ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ, ಮೀಟರಿನ ಒಳಗಿನ ಫ್ಯೂಸ್ ಹೋಗುತ್ತದೆ. ಸಾದಾ ಯಂತ್ರದಲ್ಲಿ ಸೊನ್ನೆ ಅಥವಾ ಕೆಲವು ಮಿಲಿ ಆಂಪಿಯರ್ ಬರಬೇಕು. 50 ಮಿಲಿ ಆಂಪಿಯರ್ ಸೋರಿದರೆ 24 ಆಂಪಿಯರ್-ಅವರ್ ಬ್ಯಾಟರಿ 480 ಗಂಟೆಯಲ್ಲಿ, ಅಂದರೆ 20 ದಿನದಲ್ಲಿ ಬರಿದು. ನಿಮ್ಮ ಲೆಕ್ಕಕ್ಕೆ ಹೊಂದುತ್ತದಾ? ಫ್ಯೂಸ್ ಕಿತ್ತು ನೋಡಿ, ರೆಗ್ಯುಲೇಟರ್ ಕಿತ್ತು ನೋಡಿ. ಯಾವುದರಲ್ಲಿ ಸೊನ್ನೆಗೆ ಬಂತೋ ಅದು.

ಸೋರಿಕೆ ಏನೂ ಇಲ್ಲ ಅಂದರೆ ಬ್ಯಾಟರಿಗೆ ವಯಸ್ಸಾಗಿದೆ. ಬರಿದಾಗಿಯೇ ಬಹಳ ದಿನ ಬಿಟ್ಟ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಹುಲ್ಲು ಬೆಳೆಯದ ತಿಂಗಳುಗಳಲ್ಲಿ ಮೈನಸ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಎರಡು ಆಂಪಿಯರ್‌ನ ಸಣ್ಣ ಚಾರ್ಜರ್ ಹಾಕಿ.

ಕಾರಿನ ಬ್ಯಾಟರಿಯಿಂದ ಜಂಪ್ ಮಾಡಬಹುದಾ?

ಕಾರಿನದೂ 12 ವೋಲ್ಟ್ ಆದರೆ ಮಾಡಬಹುದು. ಕಾರಿನ ಇಂಜಿನ್ ಆಫ್ ಇರಲಿ. ಪ್ಲಸ್ಸಿಗೆ ಪ್ಲಸ್, ಆಮೇಲೆ ಕಾರಿನ ಮೈನಸ್, ಕೊನೆಯ ತುದಿ ಮೋವರಿನ ಇಂಜಿನ್ ಬ್ಲಾಕಿಗೆ, ಬ್ಯಾಟರಿಯಿಂದ ದೂರ. ಕೊನೆಯಲ್ಲಿ ಬರುವ ಕಿಡಿ ಬ್ಯಾಟರಿಯ ಹತ್ತಿರ ಬೇಡ ಅಂತ.

ಬ್ಯಾಟರಿಯನ್ನು ಉಲ್ಟಾ ಹಾಕಿಬಿಟ್ಟೆ.

ಮೊದಲು ಫ್ಯೂಸ್ ನೋಡಿ. ಅದೃಷ್ಟವಿದ್ದರೆ ಅಷ್ಟಕ್ಕೇ ಮುಗಿದಿರುತ್ತದೆ. ಇಲ್ಲದಿದ್ದರೆ ರೆಗ್ಯುಲೇಟರ್ ಅಥವಾ ಚಾರ್ಜಿಂಗ್ ವೈರಿನ ಡಯೋಡ್ ಹೋಗಿರುತ್ತದೆ. ಸರಿಯಾಗಿ ಹಾಕಿ, ಸ್ಟಾರ್ಟ್ ಮಾಡಿ, ಚಾರ್ಜಿಂಗ್ ಅಳೆಯಿರಿ.

ತೊಳೆದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ.

ಒತ್ತಡದ ನೀರು ಸ್ವಿಚ್ಚು, ಕನೆಕ್ಟರುಗಳ ಒಳಗೆ ಹೋಗಿದೆ. ಕನೆಕ್ಟರ್ ಬಿಚ್ಚಿ ಗಾಳಿ ಹೊಡೆದು ಒಣಗಿಸಿ. ಹಸಿರುಗಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕಾರು ಸಲ ಸಿಕ್ಕಿಸಿ ಬಿಚ್ಚಿ. ಇನ್ನು ಮೇಲೆ ಇಂಜಿನ್ ಮತ್ತು ಡ್ಯಾಶ್ ಕಡೆ ಪೈಪು ಹಿಡಿಯಬೇಡಿ, ಗಾಳಿಯಿಂದ ಊದಿದರೆ ಸಾಕು.

ಇಲಿ ವೈರು ಕಡಿದಿದೆ. ಟೇಪ್ ಸುತ್ತಿದರೆ ಸಾಕಾ?

ಸಾಲದು. ತುಂಡಾದ ಎಳೆಗಳನ್ನು ಬೆಸುಗೆ ಹಾಕಿ ಅಥವಾ ಒಳ್ಳೇ ಕ್ರಿಂಪ್ ಹಾಕಿ, ಮೇಲೆ ಬಿಸಿ ಮಾಡಿದರೆ ಕುಗ್ಗುವ ಕೊಳವೆ ಏರಿಸಿ. ಬರೀ ಟೇಪು ಇಂಜಿನ್ ಬಿಸಿಗೆ ಅಂಟು ಬಿಟ್ಟು ಜಾರುತ್ತದೆ. ಒಂದು ಕಡೆ ಕಡಿದದ್ದು ಕಂಡರೆ ಅಲ್ಲಿಗೇ ನಿಲ್ಲಿಸಬೇಡಿ, ಫ್ಲೈವೀಲ್ ಮೇಲಿನ ಮುಚ್ಚಳ ಬಿಚ್ಚಿ ನೋಡಿ. ಗೂಡು ಅಲ್ಲೇ ಇರುತ್ತದೆ. ಕಾಯಿಲಿನ ವೈರೂ ಅಲ್ಲೇ.

ಯಾವಾಗ ಕೈಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಬೇಕು?

ಸ್ಟೇಟರ್ ಕೆಟ್ಟಿದೆ ಅಂತ ಖಚಿತವಾದರೆ. ಅದನ್ನು ತೆಗೆಯಲು ಫ್ಲೈವೀಲ್ ಬಿಚ್ಚಬೇಕು, ಅದಕ್ಕೆ ಪುಲ್ಲರ್ (ಎಳೆದು ಬಿಡಿಸುವ ಸಾಧನ) ಬೇಕು, ಸುತ್ತಿಗೆಯಿಂದ ಬಡಿದರೆ ಅಯಸ್ಕಾಂತ ಒಡೆಯುತ್ತದೆ. ವೈರಿನ ಕಟ್ಟು ಪೂರ್ತಿ ಕರಗಿ ಒಂದಕ್ಕೊಂದು ಅಂಟಿದ್ದರೂ ಹೋಗಿ. ಹೋಗುವಾಗ ನೀವು ಅಳೆದ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಸುಮ್ನಿದ್ದಾಗ ಎಷ್ಟು, ಸ್ಟಾರ್ಟರ್ ತಿರುಗುವಾಗ ಎಷ್ಟು, ಓಡುವಾಗ ಎಷ್ಟು, ಮೈನಸ್ ಕಡೆ ಎಷ್ಟು ಕಳೆಯಿತು. ಆ ಚೀಟಿ ನೋಡಿದವರು ಮೊದಲು ಬ್ಯಾಟರಿ ಬದಲಿಸೋಣ ಅನ್ನುವುದಿಲ್ಲ.